ಒಂದೇ ಊರಿನ ಎರಡು ಆರ್‌ಟಿಸಿ
ರಟ್ಟೀಹಳ್ಳಿಯ ರೈತನಿಗೆ ಆರ್‌ಟಿಸಿ ಎಂದರೆ ಪಹಣಿ: ಹೊಲದ ಹಕ್ಕು, ಗೇಣಿ, ಬೆಳೆಗಳ ದಾಖಲೆ. ಅದನ್ನು ತರಲು ಅವನು ಹತ್ತುವ ಕೆಂಪು ಬಸ್ಸಿನ ಸಂಸ್ಥೆಯ ಇಂಗ್ಲಿಷ್ ಚಿಕ್ಕ ಹೆಸರಿನ ಬಾಲದಲ್ಲೂ ಅದೇ ಆರ್‌ಟಿಸಿ. ಅಲ್ಲಿ ಅರ್ಥ ರಸ್ತೆ ಸಾರಿಗೆ ಸಂಸ್ಥೆ. ಆ ಚಿಕ್ಕ ಹೆಸರಿನ ಕನ್ನಡ ರೂಪ ‘ವಾಕರಸಾಸಂ’ ಅಂತೂ ಮಂತ್ರದ ಬೀಜಾಕ್ಷರದಂತಿದೆ! ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಎಂದು ಮೊದಲ ಸಲ ಪೂರ್ತಿ ಬರೆದು, ಪಕ್ಕದಲ್ಲೇ ಆವರಣದೊಳಗೆ ಚಿಕ್ಕ ಹೆಸರು ಕೊಟ್ಟರೆ ಮುಂದಿನ ಸಾಲುಗಳು ಸರಾಗ. ಬರಹದಲ್ಲಿ ಅದು ಮತ್ತೆ ಬರುವುದೇ ಇಲ್ಲವಾದರೆ ಆವರಣವೂ ಬೇಡ. ಹಾಗೆಂದು ಎಲ್ಲವನ್ನೂ ಬಿಡಿಸಬೇಕಿಲ್ಲ: ಗೋವಿನಜೋಳ ಮಾರುವವನಿಗೆ ಎಪಿಎಂಸಿಯ ವಿಸ್ತರಣೆ ಹೇಳುವುದು ಅಧಿಕಪ್ರಸಂಗ. ಬೆಳೆವಿಮೆಯ ಪ್ರಕಟಣೆಯಲ್ಲಿ ಮಾತ್ರ ‘ಎಫ್‌ಐಡಿ ಕಡ್ಡಾಯ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುವಂತಿಲ್ಲ. ಅದು ರೈತರ ಗುರುತಿನ ಸಂಖ್ಯೆ ಎಂದು ಅಲ್ಲೇ ಹೇಳಬೇಕು.