ಕೀಲಿಕೈ ಕಳೆದವನ ಪಾಡು ಕೇಳುವವರಾರು?

ಕಲಬುರಗಿಯಿಂದ ಕೊನೇ ಬಸ್ಸಿಗೆ ಚಿಂಚೋಳಿಗೆ ಬಂದಿಳಿದು ಮನೆ ಮುಂದೆ ನಿಂತವನು ಕಿಸೆ ಮುಟ್ಟಿ ನೋಡಿಕೊಳ್ಳುತ್ತಾನೆ. ಕೀಲಿಕೈ ಇಲ್ಲ! ಸೀಟಿನಲ್ಲಿ ಬಿತ್ತೋ, ಟಿಕೆಟ್ಟಿಗೆ ಚಿಲ್ಲರೆ ತೆಗೆಯುವಾಗ ಜಾರಿತೋ, ದೇವರೇ ಬಲ್ಲ. ಹೆಂಡತಿ ಮಕ್ಕಳು ಕಟ್ಟೆಯ ಮೇಲೆ. ಕೀಲಿ ಬಾಗಿಲಿಗೆ. ಈಗೇನು ಮಾಡಬೇಕು?

ಇದು ಕಟ್ಟುಕತೆಯಲ್ಲ, ಈ ಬರೆಯುವವನಿಗೇ ಬಂದ ಗತಿ. ಮಗ್ಗುಲ ಮನೆಯ ಕಾಕಾ ಎದ್ದು ಬಂದು, "ಕೀಲಿ ಮಾಡಾಂವ ಹಗಲಿಗೆ ಛತ್ರಿ ಹಾಕ್ಕೊಂಡು ಕೂಡ್ತಾನಪ. ರಾತ್ರಿ ಎಲ್ಲಿ ಇರ್ತಾನೋ ಯಾರಿಗ್ ಗೊತ್ತದ? ಕಲ್ಲು ತಗೊ" ಅಂದರು. ಕಲ್ಲು ತಗೊಂಡೆವು. ಕೀಲಿ ಜಪ್ಪೆನ್ನಲಿಲ್ಲ. ಕೊಂಡಿ ಕಿತ್ತು ಚೌಕಟ್ಟೇ ಸೀಳಿತು. ಮರುದಿನ ಬಡಿಗನ ಕೂಲಿ ಬೇರೆ, ಹೊಸ ಕೀಲಿಯ ರೊಕ್ಕ ಬೇರೆ. ಇದಕ್ಕಿಂತ ದೊಡ್ಡ ಮಾತೊಂದಿದೆ. ಅರ್ಧ ತಾಸು ನಡುರಾತ್ರಿ ಬಾಗಿಲು ಒಡೆದ ಸಪ್ಪಳವಾದರೂ ಓಣಿಯ ಬೇರೆ ಒಬ್ಬರೂ ಹೊರಗೆ ಬಂದು "ಯಾರದು?" ಅನ್ನಲಿಲ್ಲ!

ಅಂಗಡಿಕಾರರ ಪಾಡೂ ಇದೇ. ಸಂತೆಯ ದಿನ ನಸುಕಿನಲ್ಲಿ ಶಟರಿಗೆ ಕೀಲಿಕೈ ಹಾಕಿ ತಿರುವಿದರೆ ಅರ್ಧ ಕೈಯಲ್ಲಿ, ಅರ್ಧ ಒಳಗೆ. ಗಿರಾಕಿ ಮಗ್ಗುಲ ಅಂಗಡಿಗೆ ನಡೆದ. ಆ ದಿನದ ಗಲ್ಲಾ ಹೋಯಿತು.

ನಮ್ಮದು ಕೀಲಿ ಹಾಕಿದ ಮನೆಗಳ ಸೀಮೆ. ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರು ಅಂತ ದುಡಿಯಲಿಕ್ಕೆ ಹೋಗುವವರು ತಿಂಗಳುಗಟ್ಟಲೆ ಬಾಗಿಲು ಮುಚ್ಚಿರುತ್ತಾರೆ. 2021ರ ಅಕ್ಟೋಬರಿನಲ್ಲಿ ಗಡಿಕೇಶ್ವಾರದಲ್ಲಿ ಭೂಮಿ ನಡುಗಿದಾಗ ಮನೆಗೆ ಕೀಲಿ ಜಡಿದು ಊರು ಬಿಟ್ಟವರನ್ನೂ ಈ ತಾಲೂಕು ಕಂಡಿದೆ. ಮಳೆ ಧೂಳಿಗೆ ಜಂಗು ಹಿಡಿದ ಕೀಲಿಯಲ್ಲಿ ಕೀಲಿಕೈ ಮುರಿಯದೆ ಇದ್ದೀತೆ?

ಗೋದ್ರೆಜ್ ಕಂಪನಿ 1897ರಲ್ಲಿ ಶುರುವಾದದ್ದೇ ಕೀಲಿಯಿಂದ. ಅಲಿಗಡದ ಕೀಲಿ ಸಂತೆ ಸಂತೆಗೂ ಬಂದಿದೆ. ಕೀಲಿ ಬಂತು, ತೆಗೆಯುವವನಿಗೆ ಮಾತ್ರ ಊರಲ್ಲಿ ನೆಲೆ ಇಲ್ಲ. ಅವನ ಕಸುಬು ಸಣ್ಣದಲ್ಲ. ಹಲ್ಲು ಕೊರೆಯದ ಕೀಲಿಕೈಗೆ ದೀಪದ ಮಸಿ ಹಿಡಿಸಿ, ಒಳಗೆ ತೂರಿಸಿ ತಿರುವಿ, ಮಸಿ ಅಳಿದ ಗುರುತು ನೋಡಿ ಅರದಿಂದ ಉಜ್ಜುತ್ತಾನೆ. ಒಳಗಿನ ಲಿವರ್ ಪಟ್ಟಿಗಳೆಲ್ಲ ಸರಿಯಾದ ಎತ್ತರಕ್ಕೆ ಎದ್ದರಷ್ಟೇ ಕೀಲಿ ಬಿಡುತ್ತದೆ. ಕೂದಲೆಳೆ ಹೆಚ್ಚುಕಮ್ಮಿಯಾದರೂ ಇಲ್ಲ.

"ಅಂಥವನನ್ನು ನಂಬೋದು ಹ್ಯಾಂಗ್ರಿ? ನಾಳೆ ಅವನೇ ಕನ್ನ ಹಾಕಿದರೆ?" ಅಂತ ಕೇಳುವವರಿದ್ದಾರೆ. ಪ್ರಶ್ನೆ ಸರಿ. ಆದರೆ ಹೆಸರು ಗೊತ್ತಿಲ್ಲದವನಿಗೆ ಹೆದರಬೇಕೋ, ಹೆಸರು ಬರೆದಿಟ್ಟವನಿಗೋ? ಇಂದು ಇಲ್ಲಿ, ನಾಳೆ ಇನ್ನೊಂದೂರು ಅಂತ ಅಲೆಯುವಂತೆ ಮಾಡಿದವರೇ ಆಮೇಲೆ ಅವನ ಮೇಲೆ ಅನುಮಾನ ಪಡುವುದು ಯಾವ ನ್ಯಾಯ?

ದಾರಿ ಕಾನೂನಿನಲ್ಲೇ ಇದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಸರಕು ಮಾರುವವರಿಗಷ್ಟೇ ಅಲ್ಲ, ರಸ್ತೆ ಬದಿ ಕುಳಿತು ಸೇವೆ ಕೊಡುವವರಿಗೂ ಅನ್ವಯಿಸುತ್ತದೆ. 5 ವರ್ಷಕ್ಕೆ ಒಮ್ಮೆಯಾದರೂ ಸಮೀಕ್ಷೆ ಆಗಬೇಕು, ಪ್ರಮಾಣಪತ್ರ ಕೊಡಬೇಕು, 30 ದಿನದ ನೋಟಿಸಿಲ್ಲದೆ ಎಬ್ಬಿಸಬಾರದು. ನಮ್ಮ ಕಡೆಯ ಪುರಸಭೆಗಳು ಈ ಪಟ್ಟಿಯಲ್ಲಿ ಕೀಲಿ ಮಾಡುವವರನ್ನು ಹುಡುಕಿ ಸೇರಿಸಲಿ. ಅವರ ಹೆಸರು, ಫೋನ್ ನಂಬರು, ದರ ಬರೆದ ಒಂದು ಫಲಕ ಬಸ್ ನಿಲ್ದಾಣದಲ್ಲಿ ಬೀಳಲಿ, ಒಂದು ಪ್ರತಿ ಪೊಲೀಸ್ ಠಾಣೆಯಲ್ಲಿರಲಿ. ಯಾರ ಮನೆ, ಯಾರು ಕರೆದರು ಅಂತ ಅವನೊಂದು ವಹಿ ಇಡಲಿ. ನೆರೆಮನೆಯವರೊಬ್ಬರು ಬಂದು ನಿಲ್ಲದೆ ಬಾಗಿಲು ತೆರೆಯದಿರಲಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿಗೂ ಇದೇ ಮಾತು. ರಾತ್ರಿ ಪಾಳಿ ಮುಗಿಸಿ, ರೈಲು ಇಳಿದು ಬರುವವರು ಅಲ್ಲಿಯೂ ಇದ್ದಾರೆ. ಖರ್ಚೆಷ್ಟು? ಒಂದು ತಗಡು, ಒಂದು ಡಬ್ಬಿ ಬಣ್ಣ.

ನಾವೂ ಒಂದಿಷ್ಟು ಬುದ್ಧಿ ಕಲಿಯಬೇಕು. ಇನ್ನೊಂದು ಕೀಲಿಕೈ ನಂಬಿಗಸ್ತ ನೆರೆಯವರಲ್ಲಿರಲಿ, ಹೊಸ್ತಿಲ ಕೆಳಗೆ ಬೇಡ. ಮುರಿದ ತುಂಡು ಒಳಗುಳಿದರೆ ಇನ್ನೊಂದು ಕೀಲಿಕೈ ತುರುಕಿ ಆಳಕ್ಕೆ ನೂಕಬೇಡಿ. ಒಡೆಯಲೇಬೇಕಾದರೆ ಕಬ್ಬಿಣದ ಗರಗಸದಿಂದ ಕೀಲಿಯ ಕೊಕ್ಕೆ ಕೊಯ್ಯಿರಿ, ಚೌಕಟ್ಟು ಉಳಿದೀತು. ಒಳಗೆ ಕೂಸು ಸಿಕ್ಕಿಕೊಂಡಿದ್ದರೆ, ಒಲೆ ಉರಿಯುತ್ತಿದ್ದರೆ ಕೀಲಿ ಮಾಡುವವನಿಗೆ ಕಾಯದೆ ಕೂಡಲೆ 112ಕ್ಕೆ ಫೋನು ಮಾಡಿ.

ಸಂಬಂಧಪಟ್ಟವರು ಮನಸ್ಸು ಮಾಡುವರೆ? ಕಾಯ್ದೆಯ ಪುಸ್ತಕ ಇಟ್ಟ ಅಲಮಾರಿಯ ಕೀಲಿಕೈ ಕಳೆದಿದ್ದರೆ ಹೇಳಲಿ. ಛತ್ರಿಯಡಿ ಕೂಡುವವನನ್ನು ನಾವೇ ಕರಕೊಂಡು ಬರುತ್ತೇವೆ. ಆದರೆ ಹಗಲಿದ್ದಾಗಲೇ ಹೇಳಲಿ. ರಾತ್ರಿ ಅವನು ಎಲ್ಲಿರುತ್ತಾನೋ ನಮಗೂ ಗೊತ್ತಿಲ್ಲ!