ಚಾಣಕ್ಯಪುರಿಯಲ್ಲಿ ಬುತ್ತಿ ಕಟ್ಟಿಕೊಂಡು

ನಮ್ಮ ದೆಹಲಿಯ ಚಾಣಕ್ಯಪುರಿಯಲ್ಲಿ ಸತ್ಯ, ನ್ಯಾಯ, ನೀತಿ, ವಿನಯ ಎಲ್ಲವೂ ರಸ್ತೆಗಳು. ಎಷ್ಟು ಅಡ್ಡಾಡಿದರೂ ಕಾಸು ಖರ್ಚಿಲ್ಲ. ಆದರೂ ಕರ್ನಾಟಕ ಭವನದಲ್ಲಿ ಇಳಿದುಕೊಳ್ಳುವ ನಮ್ಮವರು ಸುತ್ತ ಕಣ್ಣು ಹಾಯಿಸದೆ ನೇರ ಕುತುಬ್ ಮಿನಾರಿಗೆ ಟ್ಯಾಕ್ಸಿ ಹಿಡಿಯುತ್ತಾರೆ.

2023ರ ಡಿಸೆಂಬರಿನಲ್ಲಿ ಮೈಸೂರಿನಿಂದ ನನ್ನ ಗೆಳತಿ ಬಂದಳು. ಊರು ನೋಡಲಿಕ್ಕಲ್ಲ, ವೀಸಾ ಸಂದರ್ಶನಕ್ಕೆ. ಮಗಳಿಗೆ ಚೊಚ್ಚಲು, ಫೆಬ್ರವರಿಯಲ್ಲಿ ದಿನ ತುಂಬುತ್ತಿತ್ತು. ಬಾಣಂತನ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ಇವಳು "ಡೆಲಿವರಿಗೆ" ಅಂದಳಂತೆ. ಕಿಟಕಿಯ ಆಚೆಯಿಂದ "ನೀವು ಡಾಕ್ಟರಾ?" ಎಂಬ ಪ್ರಶ್ನೆ. "ಅಲ್ಲ, ತಾಯಿ." ಆಮೇಲೆ ಬ್ಯಾಂಕಿನಲ್ಲಿ ಎಷ್ಟಿದೆ, ಯಾವಾಗ ವಾಪಸು ಬರುತ್ತೀರಿ ಎಂದು ಕೇಳಿ ಪಾಸ್‌ಪೋರ್ಟ್ ಇಟ್ಟುಕೊಂಡರು. ಹೊರಗೆ ಬಂದಾಗ ಹನ್ನೊಂದು ಗಂಟೆ, ಅವಳ ರೈಲು ರಾತ್ರಿಗೆ. ಅವಳದು ಪ್ರೈಮರಿ ಶಾಲೆ ಟೀಚರಿನ ಪಿಂಚಣಿ. ಟಿಕೆಟ್ಟಿಗೆ, ಸಾಲಕ್ಕೆ ಆಗಲೇ ಲೆಕ್ಕ ಹಾಕಿಟ್ಟಿದ್ದಳು. "ದುಡ್ಡು ಬಿಚ್ಚೋ ಜಾಗ ಬೇಡ ಕಣೇ," ಅಂದಳು.

ದೆಹಲಿ ಬಸ್ಸುಗಳಲ್ಲಿ 2019ರಲ್ಲಿ ಶುರುವಾದ ಹೆಂಗಸರ ಗುಲಾಬಿ ಚೀಟಿ ಆಗಿನ್ನೂ ಇತ್ತು, ಪುಕ್ಕಟೆ. ಶಾಂತಿಪಥದ ರಾಯಭಾರ ಕಚೇರಿಗಳನ್ನು ಮಾತ್ರ ನಡೆದೇ ನೋಡಬೇಕು. ಸತೀಶ್ ಗುಜ್ರಾಲ್ ವಿನ್ಯಾಸ ಮಾಡಿದ ಬೆಲ್ಜಿಯಂ ಕಚೇರಿ ಕೆಂಪು ಇಟ್ಟಿಗೆಯ ಹಳೆ ಕೋಟೆಯಂತಿದೆ. ಅಲ್ಲಿಂದ ರೈಲು ಮ್ಯೂಸಿಯಂ. ದಿನದ ದೊಡ್ಡ ಖರ್ಚು ಅದರ ಟಿಕೆಟ್ಟೇ. (ಸೋಮವಾರ ರಜಾ, ನೆನಪಿರಲಿ.) 1907ರ ಪಟಿಯಾಲದ ಒಂಟಿ ಹಳಿ ರೈಲನ್ನು ಇವಳು ನೋಡಿದ ಶಾಸ್ತ್ರ ಮಾಡಿದಳು. 1899ರ ಮೈಸೂರು ಮಹಾರಾಜರ ಸಲೂನ್ ಕಂಡದ್ದೇ ಕಾಲು ಅಲ್ಲೇ ನೆಟ್ಟಿತು. ಗಾಜಿಗೆ ಹಣೆ ಒತ್ತಿ ಒಳಗೆ ಇಣುಕಿದಳು. "ನಮ್ಮೂರಿಂದ ಬಂದು ಇಲ್ಲೇ ನಿಂತುಬಿಟ್ಟಿದೆ, ಪಾಪ."

ನೆಹರೂ ಪಾರ್ಕಿನಲ್ಲಿ 1987ರಿಂದ ಲೆನಿನ್ ನಿಂತಿದ್ದಾನೆ. ಅವನೆದುರು ಬಿಸಿಲಿಗೆ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ದೆಹಲಿ ಚಳಿಗಾಲದ ಆ ಬಿಸಿಲಿಗೆ ಯಾವ ಹೋಟೆಲೂ ಸಮವಲ್ಲ. ಇವಳಿಗೆ ಮಾತ್ರ ಊಟ ಗಂಟಲಲ್ಲಿ ಇಳಿಯಲಿಲ್ಲ. "ಕೊಡದಿದ್ದರೆ ಅವಳಿಗೆ ನೀರು ಕಾಯಿಸಿ ಎರೆಯೋರು ಯಾರೇ?" ನನ್ನ ಹತ್ತಿರ ಉತ್ತರವಿರಲಿಲ್ಲ. ಉಪ್ಪಿನಕಾಯಿ ಮುಂದಕ್ಕೆ ತಳ್ಳಿದೆ.

ಸಂಜೆ ತೀನ್ ಮೂರ್ತಿ. ಅಲ್ಲಿನ ಮೂವರು ಕಂಚಿನ ಸೈನಿಕರು ಹೈದರಾಬಾದ್, ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಪಡೆಗಳಿಗೆ ನಿಂತ ಸ್ಮಾರಕ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ತುರ್ಕರಿಂದ ಬಿಡಿಸಿದ್ದು ಜೋಧಪುರ ಮತ್ತು ಮೈಸೂರಿನ ಕುದುರೆ ಸವಾರರು, ಅದೂ ಭರ್ಜಿ ಹಿಡಿದು, ಮೆಷಿನ್ ಗನ್ನುಗಳ ಎದುರು. 2018ರಿಂದ ವೃತ್ತದ ಹೆಸರಿಗೆ ಹೈಫಾ ಕೂಡ ಸೇರಿದೆ. ಗೆಳತಿ ಮೂವರನ್ನೂ ಸುತ್ತಿ ಬಂದಳು. "ಇವರಿಗೆ ಯಾರೂ ಬ್ಯಾಂಕ್ ಪಾಸ್‌ಬುಕ್ ಕೇಳಲಿಲ್ಲ ನೋಡು," ಅಂದಳು. ಬೆಳಗಿನಿಂದ ಮೊದಲ ಸಲ ನಕ್ಕಿದ್ದು ಆಗಲೇ.

ವೀಸಾ ಸಂಕ್ರಾಂತಿ ಕಳೆದ ಮೇಲೆ ಬಂತು. ಫೋನಿನಲ್ಲಿ ಎಳ್ಳು-ಬೆಲ್ಲದ ಮಾತೂ ಇಲ್ಲ, ಒಂದೇ ವಿಚಾರಣೆ: ಮೆಣಸು, ಜೀರಿಗೆ, ಒಣಶುಂಠಿ ಪುಡಿ ಮಾಡಿ ಒಯ್ಯಬಹುದೋ, ಇಡಿಯಾಗಿ ಒಯ್ಯಬೇಕೋ?