ರಕ್ತ ಕ್ಯಾನ್ಸರ್: ಸಂಶೋಧನೆ ಬೆಂಗಳೂರಿನಲ್ಲಿ, ಸವಾಲು ಪಾವಗಡದಲ್ಲಿ

ತುಮಕೂರು: ರಕ್ತ ಕ್ಯಾನ್ಸರ್‌ಗೆ ನೀಡುವ ಹಲವು ಔಷಧಗಳ ಗುರಿ ಒಂದೇ: ರೋಗಗ್ರಸ್ತ ಕೋಶದ ಡಿಎನ್‌ಎಯನ್ನು ಸರಿಪಡಿಸಲಾಗದಂತೆ ಹಾಳುಗೆಡವುವುದು. ಆದರೆ ಕೋಶವೂ ಸುಮ್ಮನಿರುವುದಿಲ್ಲ. ತುಂಡಾದ ಎಳೆಗಳನ್ನು ಮತ್ತೆ ಬೆಸೆಯುವ ಕಿಣ್ವಗಳು ಅದರಲ್ಲಿವೆ. ಈ ಪೈಪೋಟಿಯಲ್ಲಿ ಬದುಕುಳಿದ ಕೆಲವೇ ಕೋಶಗಳಿಂದ ರೋಗ ಮರುಕಳಿಸಬಹುದು.

ದುರಸ್ತಿ ಕಿಣ್ವಗಳು ಆರೋಗ್ಯವಂತ ದೇಹದ ಕಾವಲುಗಾರರೂ ಹೌದು. ಅವುಗಳ ಕಾರ್ಯವಿಧಾನ ವಿವರಿಸಿದ ಮೂವರು ವಿಜ್ಞಾನಿಗಳಿಗೆ 2015ರ ರಸಾಯನಶಾಸ್ತ್ರ ನೊಬೆಲ್ ಸಂದಿತು. ಆದರೆ ಬೆಸುಗೆ ತಪ್ಪಿದರೆ ಅನಾಹುತವೂ ಆಗುತ್ತದೆ. 9 ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಕೂಡಿಕೊಂಡಾಗ ಒಂದು ಬಗೆಯ ದೀರ್ಘಕಾಲಿಕ ರಕ್ತ ಕ್ಯಾನ್ಸರ್ ಹುಟ್ಟುತ್ತದೆ.

ಈ ಕಿಣ್ವಗಳನ್ನು ಕಟ್ಟಿಹಾಕುವ ಯತ್ನ ನಮ್ಮ ರಾಜ್ಯದಲ್ಲೇ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನಶಾಸ್ತ್ರ ವಿಭಾಗದ ಪ್ರೊ. ಸತೀಶ್ ಸಿ. ರಾಘವನ್ ಅವರ ತಂಡ, ಡಿಎನ್‌ಎ ಬೆಸೆಯುವ ಲೈಗೇಸ್-4 ಕಿಣ್ವವನ್ನು ತಡೆಯುವ 'ಎಸ್‌ಸಿಆರ್-7' ಎಂಬ ಅಣುವನ್ನು 2012ರಲ್ಲಿ ಪ್ರಕಟಿಸಿತು. ಇಲಿಗಳಲ್ಲಿ ಗಡ್ಡೆಗಳ ಬೆಳವಣಿಗೆ ಕುಗ್ಗಿದ್ದು ಕಂಡುಬಂತು. ಅಣು ಆ ಕಿಣ್ವವನ್ನಷ್ಟೇ ತಡೆಯುತ್ತದೆಯೇ ಎಂಬ ಬಗ್ಗೆ 2016ರಲ್ಲಿ ಅಮೆರಿಕದ ವಿಜ್ಞಾನಿಗಳು ತಕರಾರು ಎತ್ತಿದರು. ಪ್ರಯೋಗಾಲಯದ ಭರವಸೆ ರೋಗಿಯ ಮಾತ್ರೆಯಾಗಲು ದೂರ ಬಹಳವಿದೆ.

ಹಾಗಾದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ರೋಗಿಗೆ ಇಂದು ಬೇಕಾದುದೇನು? ಇರುವ ಔಷಧವನ್ನು ತಪ್ಪದೆ, ಕೊನೆಯವರೆಗೆ ಪಡೆಯುವ ಅನುಕೂಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ತೀವ್ರ ಲಿಂಫೋಬ್ಲಾಸ್ಟಿಕ್ ರಕ್ತ ಕ್ಯಾನ್ಸರ್‌ಗೆ ಚಿಕಿತ್ಸೆ ಎರಡರಿಂದ ಮೂರು ವರ್ಷ. ಅದರ ಬಹುಪಾಲು ಅವಧಿ ಮನೆಯಲ್ಲೇ ನುಂಗುವ ಮರ್‌ಕ್ಯಾಪ್ಟೊಪ್ಯೂರಿನ್ ಮಾತ್ರೆಯದು. ಶೇ 95ಕ್ಕಿಂತ ಕಡಿಮೆ ಮಾತ್ರೆ ಸೇವಿಸಿದ ಮಕ್ಕಳಲ್ಲಿ ರೋಗ ಮರುಕಳಿಸುವ ಅಪಾಯ ಹೆಚ್ಚು ಎಂದು 2012ರ ಅಮೆರಿಕದ ಅಧ್ಯಯನ ತೋರಿಸಿತು.

ಮೂರು ಕಡೆ ಆಂಧ್ರಪ್ರದೇಶ ಸುತ್ತುವರಿದ ಪಾವಗಡದಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಸುಮಾರು ನೂರೈವತ್ತು ಕಿಲೋಮೀಟರ್. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸಾ ನೆರವಿದೆ. ಮಳೆ ನಂಬಿ ಕಡಲೆಕಾಯಿ ಬೆಳೆಯುವ ಮನೆಯವರು ಪ್ರತಿ ತಪಾಸಣೆಗೂ ಕಳೆದುಕೊಳ್ಳುವ ಕೂಲಿ ಆ ಲೆಕ್ಕಕ್ಕೆ ಬರುವುದಿಲ್ಲ.

ರಕ್ತಕಣಗಳ ಎಣಿಕೆಗೆ ದೊಡ್ಡ ಆಸ್ಪತ್ರೆಯೇ ಬೇಕಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಅದನ್ನು ಮಾಡಿಸಿ, ಫಲಿತಾಂಶವನ್ನು ತಜ್ಞರಿಗೆ ಕಳುಹಿಸಿ, ಮಾತ್ರೆಯ ಪ್ರಮಾಣ ತಿಳಿಸುವ ವ್ಯವಸ್ಥೆ ನಾಲ್ಕೂ ತಾಲ್ಲೂಕುಗಳಿಗೆ ಅಗತ್ಯ. ಕಿಣ್ವ ತಡೆಯುವ ಹೊಸ ಔಷಧ ಬರುವಾಗ ಬರಲಿ. ಒಂದು ಬಸ್ ಪ್ರಯಾಣದ ಖರ್ಚಿಗೆ ಹೆದರಿ ಹಳೆಯ ಔಷಧ ನಿಲ್ಲಬಾರದು.